ಹಟ ಹಿಡಿದ ಗಾಡಿ

ನಸುಕಿನಲ್ಲಿ ಫೋನು ಬಾರಿಸಿತೆಂದರೆ ನಮ್ಮ ವಯಸ್ಸಿನವರ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯ ಸುದ್ದಿಗೆ ಹೊತ್ತು ಮೂಡುವವರೆಗೆ ಕಾಯುವ ತಾಳ್ಮೆಯಿರುತ್ತದೆ. ಕೆಟ್ಟ ಸುದ್ದಿಗೆ ಅದಿಲ್ಲ. ಆಷಾಢದ ಒಂದು ಶನಿವಾರ, ಇನ್ನೂ ಐದೂ ಕಾಲು ಗಂಟೆ. ಮಲಗಿದ ಬುದ್ಧನಂತೆ ಕಾಣುವ ನಮ್ಮ ಶಹಾಪುರದ ಬೆಟ್ಟದ ಸಾಲು ಇನ್ನೂ ಕತ್ತಲೆಯ ಹೊದಿಕೆಯನ್ನು ಸರಿಸಿರಲಿಲ್ಲ. ಫೋನು ಮೆಲ್ಬರ್ನ್ ನಗರದಲ್ಲಿರುವ ಮಗನದು. ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಮಾತನಾಡುವ ಮಗ, ಆಷಾಢದಲ್ಲಿ ಫೋನು ಮಾಡಿದನೆಂದರೆ ಏನೆಂದು ತಿಳಿಯಬೇಕು?

“ಅಪ್ಪಾ, ಎದ್ದಿ ಏನು?”

“ಎದ್ದೀನಿ. ಆರಾಮ ಅದಿಯಲ್ಲ?”

“ನಾ ಆರಾಮ ಅದೀನಿ. ಗಾಡಿ ಚಾಲೂ ಆಗವಲ್ದು.”

ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ಇಳಿದ ಕಲ್ಲು ಕಾಲ ಮೇಲೆ ಬಿದ್ದಂತೆಯೂ ಆಯಿತು. ಏಕೆಂದರೆ ಆ ಗಾಡಿಯ ವಿಷಯವೇ ನಮ್ಮಿಬ್ಬರ ನಡುವೆ ಎತ್ತಬಾರದ ವಿಷಯವಾಗಿತ್ತು.

ಮೂರು ವರ್ಷಗಳ ಹಿಂದೆ ಅವನು ಅದನ್ನು ಕೊಂಡ. ೧೯೮೯ರ ಮಜ್ದಾ ಕಂಪನಿಯ ಆರ್.ಎಕ್ಸ್.-೭ ಎಂಬ ಕೆಂಪು ಕಾರು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಬೆಕ್ಕಿನಂಥದು. ಬೇಕೆಂದಾಗ ಕಣ್ಣು ತೆರೆದಂತೆ ಅದರ ದೀಪಗಳು ಮೇಲೇಳುತ್ತವೆ. ಹಿಂದಿನ ಸೀಟಿನಲ್ಲಿ ಮನುಷ್ಯರು ಕೂಡುವಂತಿಲ್ಲ. ಚಿತ್ರ ಕಳಿಸಿದ ದಿನವೇ ನಾನು, “ಮೂವತ್ತು ವರ್ಷ ಮೀರಿದ ಗಾಡಿ, ಕೂಡೋರು ಇಬ್ಬರು, ಕುಡಿಯೋದು ನಾಕು ಮಂದೀದು. ಆ ರೊಕ್ಕ ಮನಿಗೆ ಹಾಕಬಾರದೇನು?” ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಿತ್ತು. ಮರುದಿನ ಮತ್ತೆ ಹೇಳಿದೆ. ಆ ವಾರವೆಲ್ಲ ಹೇಳಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಒಂದೇ ಪಾಠವನ್ನು ನಾಲ್ಕು ಸಲ ಹೇಳಿದರೆ ಕೊನೆಯ ಬೆಂಚಿನವನಿಗೂ ತಲೆಗೆ ಹತ್ತುತ್ತದೆ ಎಂಬುದು ನನ್ನ ನಂಬಿಕೆ. ಅವನು ಓದಲು ಹೊರಟ ದಿನ ಯಾದಗಿರಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಎರಡು ಪುಟದ ಸೂಚನೆಗಳನ್ನು ಬರೆದು ಕೈಯಲ್ಲಿ ಕೊಟ್ಟ ತಂದೆ ನಾನು. ರೈಲು ಹೊರಟ ಮೇಲೂ ಕಿಟಕಿಯ ಜೊತೆಗೆ ನಡೆಯುತ್ತ ಮೂರನೆಯ ಪುಟವನ್ನು ಬಾಯಲ್ಲಿ ಹೇಳಿದ್ದೆ. ಹೀಗೆ ನನ್ನ ಮಾತು ಹೆಚ್ಚಿದಂತೆ ಅವನ ಫೋನು ಕಡಿಮೆಯಾಯಿತು. ನಾನೇ ಮಾಡಿದರೆ, “ಕೆಲಸದಾಗ ಅದೀನಿ ಅಪ್ಪಾ” ಎಂಬ ಒಂದೇ ಉತ್ತರ.

“ಹೋಗಲಿ, ನಾ ಏನ ಮಾಡಬೇಕಪಾ?” ಎಂದೆ.

“ಮಿಸ್ತ್ರಿ ಚಾಚಾ ಇನ್ನಾ ಅಂಗಡಿಗಿ ಬರ್ತಾರೇನು? ನಿನ್ನ ಯೆಜ್ಡಿ ಹಿಂಗೇ ಹಟಾ ಹಿಡಿದಾಗ ಅವರು ಏನೋ ಮಾಡ್ತಿದ್ರು. ನಾಳೆ ಒಬ್ಬಾತ ಗಾಡಿ ನೋಡಾಕ ಬರ್ತಾನ. ಮಾರಬೇಕಂತ ಮಾಡೀನಿ. ಚಾಲೂ ಆಗಲಿಲ್ಲಂದ್ರ ಗುಜರಿ ಲೆಕ್ಕದಾಗ ಕೇಳ್ತಾನ.”

ಮೂರು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು ಅದು: ಮಾರುತ್ತೇನೆ. ಆದರೆ ಕೇಳಿದಾಗ ಸಂತೋಷವಾಗಲಿಲ್ಲ. ಏಕೆ ಮಾರುತ್ತೀಯೆ ಎಂದು ನಾಲಗೆಯ ತುದಿಗೆ ಬಂದುದನ್ನು ಹೇಗೋ ತಡೆದುಕೊಂಡೆ.

ಈ ಮಿಸ್ತ್ರಿಯ ವಿಷಯ ಸ್ವಲ್ಪ ಹೇಳಬೇಕು. ಯಾದಗಿರಿಯ ರಸ್ತೆಯಲ್ಲಿ ಒಂದು ಬೇವಿನ ಮರದ ಕೆಳಗೆ ತಗಡಿನ ಶೆಡ್ಡು. ಈಗ ಅದನ್ನು ನಡೆಸುವವನು ಅವರ ಮಗ. ಎಪ್ಪತ್ತೈದು ದಾಟಿದ ಮಿಸ್ತ್ರಿ ಮಂಚದ ಮೇಲೆ ಕೂತು ಬಂದ ಗಾಡಿಗಳ ಸದ್ದನ್ನು ಕೇಳುತ್ತಾರೆ. ನನ್ನ ಯೆಜ್ಡಿ ಅವರ ಕೈಯಲ್ಲಿ ಬೆಳೆದದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಆ ಮೋಟಾರು ಸೈಕಲ್ಲನ್ನು ನಾನು ಯಾದಗಿರಿಯಲ್ಲಿ ಒಬ್ಬ ರೈಲ್ವೆ ನೌಕರರಿಂದ ಎರಡನೆಯ ಕೈಯಾಗಿ ಕೊಂಡಿದ್ದೆ. ೧೯೬೧ರಲ್ಲಿ ಆರಂಭವಾದ ಆ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ತಮ್ಮ ತವರು ಮುಚ್ಚಿದ್ದು ತಿಳಿಯದವರಂತೆ ಓಡುತ್ತಲೇ ಇದ್ದವು. ಅದಕ್ಕೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಒದ್ದು ಚಾಲೂ ಮಾಡುವ ಸನ್ನೆಯೇ ಗೇರು ಹಾಕುವ ಸನ್ನೆಯೂ ಹೌದು. ಕಾರ್ಬೊರೇಟರಿನ ಮೇಲೊಂದು ಪುಟ್ಟ ಗುಂಡಿ. ಚಳಿಯಲ್ಲಿ ಅದನ್ನು ಒತ್ತಿದರೆ ಪೆಟ್ರೋಲು ತುಸು ಹೆಚ್ಚಾಗಿ ಇಳಿದು ಬೇಗ ಹೊತ್ತಿಕೊಳ್ಳುತ್ತದೆ.

೧೯೮೮ರ ಶ್ರಾವಣದ ಒಂದು ರಾತ್ರಿ. ಸುರಪುರದಲ್ಲಿ ತಂದೆಯವರಿಗೆ ಬಹಳ ಕಷ್ಟವಾಗಿದೆಯೆಂದು ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು. ಕಡೆಯ ಬಸ್ಸು ಹೋಗಿಯಾಗಿತ್ತು. ಮಳೆ ಒಂದೇ ಸಮನೆ ಸುರಿಯುತ್ತಿತ್ತು. ನಾನು ಯೆಜ್ಡಿಯನ್ನು ಅಂಗಳಕ್ಕೆ ತಂದು ಗುಂಡಿ ಒತ್ತಿ ಒದ್ದೆ. ಏಳಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಒದ್ದೆ. ಕಾಲಿನ ಮೀನಖಂಡ ಹರಿಯುವವರೆಗೆ ಒದ್ದೆ. ಕೊನೆಗೆ ತಳ್ಳಿಕೊಂಡೇ ಹೋಗಿ ಮಿಸ್ತ್ರಿಯ ಮನೆಯ ಕದ ಬಡಿದೆ. ಅವರು ಕಂದೀಲು ಹಿಡಿದು ಬಂದರು. ಬಗ್ಗಿ ಮೂಸಿ ನೋಡಿದರು, ಅಷ್ಟೆ.

“ಮಾಸ್ತರ್ರ, ಇದರ ಹೊಟ್ಟಿ ತುಂಬ್ಯಾದ. ಇನ್ನ ಉಣಸ್ಬ್ಯಾಡ್ರಿ.”

ಕಂದೀಲನ್ನು ದೂರವಿರಿಸಿ ಪೆಟ್ರೋಲಿನ ನಲ್ಲಿ ಮುಚ್ಚಿದರು. ಪ್ಲಗ್ಗು ಬಿಚ್ಚಿದರು, ನೀರಲ್ಲಿ ಅದ್ದಿದಂತೆ ತೊಯ್ದಿತ್ತು. ಪ್ಲಗ್ಗಿಲ್ಲದೆಯೇ ಹತ್ತು ಸಲ ಒದೆಯಲು ಹೇಳಿದರು. ಆಮೇಲೆ ಪ್ಲಗ್ಗನ್ನು ಬಟ್ಟೆಯಲ್ಲಿ ಒರೆಸಿ, ಒಳಗೆ ಒಯ್ದು ಒಲೆಯ ಕಟ್ಟೆಯ ಮೇಲಿಟ್ಟು, “ಇಪ್ಪತ್ತ ಮಿನಿಟ ಕೂಡ್ರಿ” ಎಂದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. ಅಲ್ಲಿ ತಂದೆ ಕೊನೆಯುಸಿರೆಳೆಯುತ್ತಿರಬಹುದು. ಇಲ್ಲಿ ಈ ಮನುಷ್ಯ ಕೂಡು ಎನ್ನುತ್ತಾನೆ! ಅವರು ಮಾತ್ರ ನೆಮ್ಮದಿಯಾಗಿ, “ಅಪ್ಪಾವರು ಏನ ಮಾಡ್ತಿದ್ರಿ?” ಎಂದು ಕೇಳಿದರು. ಹೇಳತೊಡಗಿದೆ. ಹೇಳುತ್ತ ಹೇಳುತ್ತ ಕೈಯ ನಡುಕ ಇಳಿಯಿತು. ಪ್ಲಗ್ಗು ಒಣಗಿತು. ಮೂರನೆಯ ಒದೆತಕ್ಕೆ ಗಾಡಿ ಎದ್ದಿತು.

ಮಳೆಯಲ್ಲಿ ಆ ಹದಗೆಟ್ಟ ದಾರಿ ಹಿಡಿದು ಸುರಪುರ ಸೇರಿದಾಗ ನಡುರಾತ್ರಿ. ತಂದೆಯವರು ನನ್ನ ತಲೆ ಮುಟ್ಟಿ, “ಪೂರಾ ತೊಯ್ಸಿಕೊಂಡು ಬಂದಿ” ಎಂದರು. ಮರುದಿನ ಸಂಜೆ ಹೋದರು. ಆ ಇಪ್ಪತ್ತು ನಿಮಿಷ ಕೂಡದೆ ಇದ್ದಿದ್ದರೆ ನಾನು ಬೆಳಗಿನವರೆಗೂ ಒದೆಯುತ್ತಲೇ ಇರುತ್ತಿದ್ದೆ. ಇದು ನನಗೆ ತಿಳಿದದ್ದು ನಿಜ. ಆದರೆ ಗಾಡಿಯ ಮಟ್ಟಿಗಷ್ಟೇ ತಿಳಿಯಿತೆಂದು ಕಾಣುತ್ತದೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿನ ಮುಂದೆ ಫೋನು ಹಿಡಿದು ಕೂತೆ. ಮೆಲ್ಬರ್ನಿನಲ್ಲಿ ಆಗ ಮಧ್ಯಾಹ್ನ ಒಂದೂವರೆ. ಅಲ್ಲಿ ಈ ತಿಂಗಳುಗಳೇ ಚಳಿಗಾಲ. ತೆರೆಯ ಮೇಲೆ ಮಗನ ಬಾಯಿಂದ ಹೊಗೆಯಂತೆ ಉಸಿರು ಬರುವುದು ಕಾಣುತ್ತಿತ್ತು. ಮಿಸ್ತ್ರಿ ತಮ್ಮ ಮೂರು ಪ್ರಶ್ನೆಗಳನ್ನು ಕೇಳಿದರು. ಅವರು ಯಾವ ಗಾಡಿಗೂ ಕೇಳುವುದು ಅವೇ ಮೂರು.

“ಬೆಂಕಿ ಅದ ಏನು ಬೇಟಾ? ಎಣ್ಣಿ ಅದ ಏನು? ಉಸಿರು ಅದ ಏನು?”

ಬೆಂಕಿಯೆಂದರೆ ಪ್ಲಗ್ಗಿನ ಕಿಡಿ. ಮಗ ಪರೀಕ್ಷಿಸಿದ್ದ, ಇತ್ತು. ಎಣ್ಣೆಯೆಂದರೆ ಪೆಟ್ರೋಲು. ಅದು ಇರುವುದಷ್ಟೇ ಅಲ್ಲ, ಹೊಗೆ ಕೊಳವೆಯವರೆಗೂ ನಾರುತ್ತಿತ್ತು. ಉಳಿದದ್ದು ಉಸಿರು, ಅಂದರೆ ಇಂಜಿನ್ನಿನೊಳಗೆ ಗಾಳಿಯನ್ನು ಅದುಮಿ ಹಿಡಿಯುವ ಬಲ. ಮಗನ ಭಯವಿದ್ದುದು ಅಲ್ಲಿಯೇ. ಅದು ಹೋಗಿದ್ದರೆ ಇಂಜಿನ್ನನ್ನೇ ಬಿಚ್ಚಿ ಕಟ್ಟಬೇಕು. ಅದರ ಖರ್ಚು ಗಾಡಿಯ ಬೆಲೆಯನ್ನೇ ನುಂಗೀತು.

“ಪಿಸ್ಟನ್ ರಿಂಗ್ ಹೋಗಿರಬೇಕು” ಎಂದರು ಮಿಸ್ತ್ರಿ.

“ಚಾಚಾ, ಇದಕ್ಕ ಪಿಸ್ಟನ್ನೇ ಇಲ್ಲ.”

ಅರವತ್ತು ವರ್ಷ ಗಾಡಿಗಳ ಹೊಟ್ಟೆ ನೋಡಿದವರು ನನ್ನ ಮುಖ ನೋಡಿದರು. ಹುಡುಗ ಹಾಸ್ಯ ಮಾಡುತ್ತಾನೆಯೇ ಎಂಬ ನೋಟ ಅದು. ನಾನು ಸೀಮೆಸುಣ್ಣ ಬೇಡಿ ತಗಡಿನ ಮೇಲೆ ಚಿತ್ರ ಬರೆದೆ. ನಡು ತುಸು ಸಣ್ಣಗಾದ ಶೇಂಗಾಕಾಯಿಯಂಥ ಒಂದು ಕೋಣೆ. ಅದರೊಳಗೆ ಹೊಟ್ಟೆ ಉಬ್ಬಿದ ಒಂದು ಮುಕ್ಕೋನದ ತಿರುಗಣಿ. ಅದರ ಮೂರು ಮೂಲೆಗಳೂ ಗೋಡೆಗೆ ಒರಗಿಕೊಂಡೇ ಸುತ್ತುತ್ತವೆ. ಸುತ್ತುವಾಗ ಗೋಡೆಗೂ ಮುಕ್ಕೋನಕ್ಕೂ ನಡುವಿನ ಜಾಗ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಹಿಗ್ಗುವಾಗ ಗಾಳಿ ಪೆಟ್ರೋಲುಗಳನ್ನು ಹೀರುತ್ತದೆ, ಕುಗ್ಗುವಾಗ ಅದುಮುತ್ತದೆ. ಕಿಡಿ ತಾಗಿದೊಡನೆ ಸಿಡಿದು ಮುಂದಕ್ಕೆ ನೂಕುತ್ತದೆ. ಕೊನೆಗೆ ಹೊಗೆಯನ್ನು ಹೊರದೂಡುತ್ತದೆ. ಮೇಲೆ ಕೆಳಗೆ ಬಡಿಯುವುದೆಂಬುದಿಲ್ಲ, ಎಲ್ಲ ಸುತ್ತುವುದೇ.

“ಇದು ಗಾಣ ಅಲ್ಲೇನ್ರಿ ಮಾಸ್ತರ್ರ!”

ನನ್ನ ವಿಜ್ಞಾನಕ್ಕೆ ಹೊಳೆಯದ ಹೋಲಿಕೆ. ಸುರಪುರದಲ್ಲಿ ಟೇಲರ್ ಮಂಜಿಲ್ ಇರುವ ಗುಡ್ಡದ ಕೆಳಗೆ ನಮ್ಮ ಓಣಿಯ ತುದಿಯಲ್ಲೇ ಒಂದು ಎತ್ತಿನ ಗಾಣವಿತ್ತು. ಒರಳಿನ ಗೋಡೆಗೆ ಒರಗಿಕೊಂಡು ತಿರುಗುವ ಆ ದಿಂಡಿನ ಕಿರುಗುಟ್ಟುವ ಸದ್ದು, ಬಿಸಿ ಕುಸುಬಿ ಎಣ್ಣೆಯ ವಾಸನೆ ನೆನಪಾಯಿತು.

ಈ ಗಾಣವನ್ನು ಕಲ್ಪಿಸಿದವನು ಜರ್ಮನಿಯ ಫೆಲಿಕ್ಸ್ ವಾಂಕೆಲ್. ಅಲ್ಲಿಯ ಎನ್.ಎಸ್.ಯು. ಕಂಪನಿ ೧೯೫೭ರಲ್ಲಿ ಇದನ್ನು ಮೊದಲು ಓಡಿಸಿ ನೋಡಿತು. ೧೯೬೧ರಲ್ಲಿ ಹಿರೋಶಿಮಾದ ಮಜ್ದಾದವರು ಇದರ ಪರವಾನಗಿ ಪಡೆದರು. ಮುಕ್ಕೋನದ ತುದಿಗಳಲ್ಲಿ ಗಾಳಿ ಸೋರದಂತೆ ತೆಳ್ಳನೆಯ ಪಟ್ಟಿಗಳಿರುತ್ತವೆ. ಅವು ನಡುಗುತ್ತ ಸಾಗಿ ಗೋಡೆಯ ಮೇಲೆ ಗೀರೆಳೆಯುತ್ತಿದ್ದವು. ಆ ಗೀರುಗಳಿಗೆ ಅವರು ಸೈತಾನನ ಉಗುರಿನ ಗುರುತೆಂದು ಹೆಸರಿಟ್ಟರು. ಕೆನಿಚಿ ಯಾಮಾಮೊಟೊ ಎಂಬ ಎಂಜಿನಿಯರು ೪೭ ಜನರನ್ನು ಕಟ್ಟಿಕೊಂಡು ವರ್ಷಗಟ್ಟಲೆ ಆ ಪಟ್ಟಿಗಳೊಡನೆ ಹೆಣಗಿದ ಮೇಲೆ ೧೯೬೭ರಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಕಾರು ಹೊರಬಂತು. ೧೯೭೮ರಲ್ಲಿ ಆರ್.ಎಕ್ಸ್.-೭ ಬಂತು. ೧೯೯೧ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಪಂದ್ಯದಲ್ಲಿ ಇಪ್ಪತ್ತನಾಲ್ಕು ಗಂಟೆ ಸತತವಾಗಿ ಓಡಿ ಗೆದ್ದದ್ದೂ ಇಂಥದೇ ಇಂಜಿನ್ನಿನ ಮಜ್ದಾ ಕಾರು.

ಮಿಸ್ತ್ರಿಗೆ ಈ ಇತಿಹಾಸ ಬೇಕಿರಲಿಲ್ಲ. “ಗಾಣದ ಗ್ವಾಡಿಗಿ ಎಣ್ಣಿ ಬೇಕಲ್ಲ? ಇದಕ್ಕೆಲ್ಲಿಂದ ಬರ್ತದ?” ಎಂದರು. ಇಂಜಿನ್ನು ತಾನೇ ಹನಿ ಹನಿಯಾಗಿ ಒಳಗೆ ಎಣ್ಣೆ ಬಿಟ್ಟುಕೊಂಡು ಪೆಟ್ರೋಲಿನ ಜೊತೆಗೇ ಸುಡುತ್ತದೆಂದು ಮಗ ಹೇಳಿದ. “ಹಂಗಂದ್ರ ಯೆಜ್ಡಿಯ ಬೀಗ” ಎಂದರು ಮಿಸ್ತ್ರಿ. ಮತ್ತೆ ಕೇಳಿದರು: “ನಿನ್ನಿ ಗಾಡಿಗಿ ಏನ ಮಾಡಿದಿ ಬೇಟಾ?”

ನಿನ್ನೆ ಮಗ ಕೊಳ್ಳುವವನಿಗೆ ತೋರಿಸಲು ತೊಳೆಯಬೇಕೆಂದು ಗಾಡಿಯನ್ನು ಶೆಡ್ಡಿನಿಂದ ಅಂಗಳಕ್ಕೆ ತಂದಿದ್ದ. ಎರಡು ನಿಮಿಷದ ಕೆಲಸ. ತಂದು ನಿಲ್ಲಿಸಿ ಬಂದ್ ಮಾಡಿದ್ದ. ರೋಗದ ಮೂಲ ಅಲ್ಲಿಯೇ ಸಿಕ್ಕಿತು. ತಣ್ಣಗಿರುವ ಇಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಬರುತ್ತದೆ. ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಸುಡದ ಪೆಟ್ರೋಲು ಒಳಗೇ ಉಳಿದು ಗೋಡೆಯ ಮೇಲಿನ ಎಣ್ಣೆಯ ಪದರನ್ನು ತೊಳೆದುಬಿಡುತ್ತದೆ. ಎಣ್ಣೆ ಹೋದರೆ ತುದಿಯ ಪಟ್ಟಿಗಳು ಗಾಳಿ ಹಿಡಿಯಲಾರವು. ಗಾಳಿ ಹಿಡಿಯದಿದ್ದರೆ ಹೊತ್ತದು. ಹೊತ್ತಲಿಲ್ಲವೆಂದು ಮತ್ತೆ ಮತ್ತೆ ಕೀಲಿ ತಿರುವಿದರೆ ಪ್ರತಿ ಸಲವೂ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಮಗ ಬೆಳಗಿನಿಂದ ನಲವತ್ತು ಸಲ ತಿರುವಿದ್ದನಂತೆ.

“ಹೊಟ್ಟಿ ತುಂಬ್ಯಾದ” ಎಂದರು ಮಿಸ್ತ್ರಿ. “ಇನ್ನ ಉಣಸ್ಬ್ಯಾಡ.”

ಮುಂದಿನ ಕೆಲಸ ಅನುಕ್ರಮವಾಗಿ ನಡೆಯಿತು. ಪೆಟ್ರೋಲು ಒದಗಿಸುವ ವ್ಯವಸ್ಥೆಯ ಫ್ಯೂಸು ಕಿತ್ತು ಅದರ ಬಾಯಿ ಕಟ್ಟಿದ. ಹೊರಬರುವ ಪೆಟ್ರೋಲಿಗೆ ಕಿಡಿ ತಾಗಬಾರದೆಂದು ಕಿಡಿ ಕೊಡುವ ಕಾಯಿಲಿನ ತಂತಿ ಬಿಡಿಸಿದ. ಈ ಇಂಜಿನ್ನಿನಲ್ಲಿ ತಿರುಗಣಿಗಳು ಎರಡು. ಒಂದೊಂದಕ್ಕೂ ಮೇಲೊಂದು ಕೆಳಗೊಂದು ಪ್ಲಗ್ಗು. ತಂತಿಗಳು ಅದಲು ಬದಲಾಗದಂತೆ ಗುರುತು ಮಾಡಿಟ್ಟು ನಾಲ್ಕನ್ನೂ ಬಿಚ್ಚಿದ. ತೆರೆಯ ಹತ್ತಿರ ಹಿಡಿದು ತೋರಿಸಿದ. ಮೂವತ್ತೈದು ವರ್ಷಗಳ ಹಿಂದಿನ ಆ ಮಳೆಯ ರಾತ್ರಿಯಲ್ಲಿ ಕಂಡ ಪ್ಲಗ್ಗೇ! ತೊಯ್ದು ಕಪ್ಪಾಗಿತ್ತು. ಪ್ಲಗ್ಗಿಲ್ಲದೆ ಸ್ವಲ್ಪ ಸ್ವಲ್ಪ ಹೊತ್ತು ಇಂಜಿನ್ನು ತಿರುಗಿಸಿದಾಗ ತೂತುಗಳಿಂದ ಪೆಟ್ರೋಲಿನ ತುಂತುರು ಹಾರಿತು.

ತುಂತುರು ನಿಂತ ಮೇಲೆ ಮಿಸ್ತ್ರಿ ಫೋನನ್ನು ಕಿವಿಗೊತ್ತಿಕೊಂಡರು. ಒಂದು ತೂತನ್ನಷ್ಟೇ ತೆರೆದಿಟ್ಟು ತಿರುಗಿಸಲು ಹೇಳಿದರು. ಮುಕ್ಕೋನದ ಮೂರು ಮುಖಗಳಿಗೆ ಮೂರು ಉಸಿರು ಕೇಳಬೇಕು. ಒಂದು ತುದಿಯ ಪಟ್ಟಿ ಮುರಿದಿದ್ದರೆ ಮೂರರಲ್ಲಿ ಎರಡು ಉಸಿರು ಹೋಗುತ್ತವೆ. ಎರಡು ಮನೆಗಳ ನಡುವಿನ ಗೋಡೆ ಬಿದ್ದರೆ ಎರಡೂ ಮನೆ ಬಯಲಾಗುವುದಿಲ್ಲವೇ, ಹಾಗೆ. ಮಿಸ್ತ್ರಿಯ ಮಗ ತನ್ನ ಸುತ್ತಿಗೆ ನಿಲ್ಲಿಸಿದ. ರಸ್ತೆಯ ಮೇಲೆ ಒಂದು ಟ್ರ್ಯಾಕ್ಟರು ಹಾಯ್ದು ಹೋಗುವವರೆಗೆ ಎಲ್ಲರೂ ಸುಮ್ಮನಿದ್ದೆವು. ಆಮೇಲೆ ಸಮುದ್ರದಾಚೆಯಿಂದ ಕೇಳಿಸಿತು: ಪುಸ್, ಪುಸ್, ಪುಸ್.

“ಸೋತಾವ, ಆದ್ರ ಮೂರೂ ಸಮ ಅದಾವ. ಹೆದರಬ್ಯಾಡ ಬೇಟಾ.” ಇನ್ನೊಂದು ತಿರುಗಣಿಯದೂ ಹಾಗೆಯೇ. ಒಂದೊಂದು ಚಮಚ ಎಣ್ಣೆ ಬಿಟ್ಟು ಮೆಲ್ಲಗೆ ಕೈಯಿಂದ ತಿರುಗಿಸಲು ಹೇಳಿದರು. ಪ್ಲಗ್ಗುಗಳನ್ನು ಒಣಗಿಸಿ, ಸೋತ ಬ್ಯಾಟರಿಗೆ ಚಾರ್ಜು ಹಚ್ಚಿ, “ಒಂದ ತಾಸು ಕೂಡು” ಎಂದರು. ತಾವು ನಮಾಜಿಗೆ ಹೊತ್ತಾಯಿತೆಂದು ಎದ್ದು ಹೋದರು.

ಹೀಗೆ ಒಂದು ತಾಸು ನಮ್ಮಿಬ್ಬರಿಗೂ ಮಾಡಲು ಏನೂ ಉಳಿಯಲಿಲ್ಲ. ತೆರೆಯಲ್ಲಿ ಮಗ ಗಾಡಿಗೆ ಒರಗಿ ನೆಲದ ಮೇಲೆ ಕೂತ. ಇಲ್ಲಿ ನಾನು ಮಂಚದ ಮೇಲೆ. ನನ್ನೊಳಗೆ ಕೇಳಬೇಕಾದ ಹತ್ತು ಪ್ರಶ್ನೆಗಳಿದ್ದವು, ಹೇಳಬೇಕಾದ ಇಪ್ಪತ್ತು ಬುದ್ಧಿಮಾತುಗಳಿದ್ದವು. ಆದರೆ ಆ ಹೊತ್ತಿನಲ್ಲಿ, ಇನ್ನ ಉಣಸಬ್ಯಾಡ ಎಂಬ ಮಾತು ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿತ್ತು. ಬೇವಿನ ಮರ ನೋಡುತ್ತ ಸುಮ್ಮನೆ ಕೂತೆ. ಮೇಷ್ಟ್ರಾದವನಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ.

ಬಹಳ ಹೊತ್ತಾದ ಮೇಲೆ ಅವನೇ, “ಅಪ್ಪಾ, ನನ್ನ ಕೆಲಸ ಹೋಗಿ ನಾಕು ತಿಂಗಳಾತು” ಎಂದ.

“ಹೂಂ” ಎಂದೆ.

“ನಿನಗ ಹೇಳಬೇಕಂತಿದ್ದೆ. ಹೇಳಿದ್ರ ದಿನಾ ಫೋನ್ ಮಾಡ್ತಿ ಅಂತ ಹೇಳಲಿಲ್ಲ.”

ಅದರಲ್ಲಿ ದೂರಿನ ದನಿಯಿರಲಿಲ್ಲ. ಇದ್ದ ಸಂಗತಿಯನ್ನು ಹೇಳಿದ. ಬಾಡಿಗೆಗಾಗಿ ಗಾಡಿ ಮಾರುತ್ತಿರುವುದನ್ನು ಹೇಳಿದ. ಒಂದು ಕಡೆ ಕರೆದಿದ್ದಾರೆ, ಮುಂದಿನ ತಿಂಗಳು ಆದೀತು ಎಂದ. ಈ ಗಾಡಿಯನ್ನು ಏಕೆ ಕೊಂಡೆನೆಂಬುದನ್ನೂ ಅಂದೇ ಹೇಳಿದ. ಚಿಕ್ಕಂದಿನಲ್ಲಿ ಯೆಜ್ಡಿಯ ಟ್ಯಾಂಕಿನ ಮೇಲೆ ಕೂತು ನನ್ನೊಡನೆ ಸುರಪುರಕ್ಕೆ ಹೋಗುವಾಗ ಬರುತ್ತಿದ್ದ, ಪೆಟ್ರೋಲಿನಲ್ಲಿ ಬೆರೆತು ಸುಟ್ಟ ಎಣ್ಣೆಯ ಆ ವಾಸನೆಯೇ ಈ ಗಾಡಿಯನ್ನು ಮೊದಲ ಸಲ ಓಡಿಸಿದಾಗಲೂ ಬಂತಂತೆ. ಮೂರು ವರ್ಷ ನಾನು ಆ ಗಾಡಿಯ ಬೆಲೆ, ಪೆಟ್ರೋಲು, ಸೀಟು ಎಲ್ಲವನ್ನೂ ವಿಚಾರಿಸಿದ್ದೆ. ಏಕೆ ಕೊಂಡೆಯೆಂದು ಕೇಳಿರಲಿಲ್ಲ.

ಮಿಸ್ತ್ರಿ ಮರಳಿ ಬಂದರು. ಮತ್ತೆ ಉಸಿರು ಕೇಳಿದರು. ಈ ಸಲ ಪುಸ್ ಎನ್ನುವುದು ಫಟ್ ಎಂಬಂತೆ ಗಟ್ಟಿಯಾಗಿತ್ತು. ಒಣಗಿದ ಪ್ಲಗ್ಗುಗಳು ಏರಿದವು, ತಂತಿಗಳು ಗುರುತಿನ ಪ್ರಕಾರ ಸೇರಿದವು, ಫ್ಯೂಸು ಕೂತಿತು. ಕೀಲಿ ತಿರುವಿದ. ತಿರುಗಿತು, ಕೆಮ್ಮಿತು, ನಿಂತಿತು. ನನ್ನ ಬಾಯಿ ತೆರೆಯಿತು. ಮಿಸ್ತ್ರಿ ನನ್ನ ಮೊಳಕಾಲ ಮೇಲೆ ಕೈಯಿಟ್ಟರು. ಎರಡನೆಯ ಸಲ ತಿರುವಿದಾಗ ಒಮ್ಮೆಲೇ ಎದ್ದು ಗುಂಯ್‌ಗುಟ್ಟಿತು. ಒಳಗೆ ಬಿಟ್ಟ ಎಣ್ಣೆ ಸುಟ್ಟು ಅಂಗಳವೆಲ್ಲ ಬಿಳಿ ಹೊಗೆ. ಅದರ ನಡುವೆ ಮಗನ ನಗು ಮಾತ್ರ ಕೇಳಿಸುತ್ತಿತ್ತು. “ಪೂರಾ ಬಿಸಿ ಆಗೋತನಕ ಬಂದ್ ಮಾಡಬ್ಯಾಡ” ಎಂದು ಮಿಸ್ತ್ರಿ ಕೂಗಿದರು. ಆ ದಿನ ನಮ್ಮ ಕಡೆಯಿಂದ ಹೋದ ಬುದ್ಧಿಮಾತು ಅದೊಂದೇ.

ರವಿವಾರ ಗಾಡಿ ಮಾರಾಟವಾಯಿತು. ಕೇಳಿದ ಬೆಲೆಯೇ ಬಂತಂತೆ. ಕೊಂಡವನಿಗೆ ತಣ್ಣಗಿರುವಾಗ ನಿಲ್ಲಿಸಬೇಡವೆಂದು ಎರಡು ಸಲ ಹೇಳಿ, ಮೂರನೆಯ ಸಲ ಹೇಳಹೋಗಿ ಬಿಟ್ಟನಂತೆ. ಇದನ್ನು ತಿಳಿಸಲು ಅವನೇ ಫೋನು ಮಾಡಿದ. ಮುಂದಿನ ರವಿವಾರವೂ ಮಾಡಿದ. ಕೆಲಸದ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಳೆಯ ವಿಷಯ ಕೇಳಿದ. ಹೇಳಿದೆ.

ಮೊನ್ನೆ ಪೇಟೆಗೆ ಹೋದಾಗ ಬೇವಿನ ಮರದ ಕೆಳಗಿಂದ ಮಿಸ್ತ್ರಿ ಕೂಗಿ ಕೇಳಿದರು: “ಮಾಸ್ತರ್ರ, ನಮ್ಮ ಗಾಣ ಹೆಂಗದರಿ?”

ಮಾರಿದನೆಂದು ಹೇಳಲು ನಾಲಗೆ ಏಳಲಿಲ್ಲ. “ಛಲೋ ಅದ” ಎಂದೆ.